ಒಂದೇ ಕೈಯಲ್ಲಿ ಲೀಡ್ಸ್‌ಗೆ ಬರಬಹುದೇ?

‘ಅಕ್ಕ’ ಎಂದು ಕರೆದಿದ್ದೀಯ, ಆದ್ದರಿಂದ ಏಕವಚನದಲ್ಲೇ ಬರೆಯುತ್ತೇನೆ. ನೀನು ಕೇಳಿದ್ದು ಇಷ್ಟು: ಸೆಪ್ಟೆಂಬರಿನಲ್ಲಿ ಎಂ.ಎಸ್ಸಿ. ಓದಲು ಇಂಗ್ಲೆಂಡಿನ ಲೀಡ್ಸ್‌ಗೆ ಹೊರಟಿದ್ದೀಯ. ಹತ್ತು ದಿನಗಳ ಹಿಂದೆ ಬನಶಂಕರಿಯ ತಿರುವಿನಲ್ಲಿ ಜಲ್ಲಿಯ ಮೇಲೆ ಸ್ಕೂಟರ್ ಜಾರಿ ಎಡಗಡೆಯ ಕಾಲರ್ ಬೋನ್ ಮುರಿದಿದೆ. ವಿಮಾನಕ್ಕೆ ಇನ್ನು ಐದು ವಾರ. ಒಬ್ಬ ವೈದ್ಯರು ಆಪರೇಷನ್ ಮಾಡಿ ಮೂಳೆಗೆ ಲೋಹದ ಪ್ಲೇಟ್ ಹಾಕೋಣ ಎಂದರು, ಇನ್ನೊಬ್ಬರು ತೋಳನ್ನು ಕತ್ತಿನಿಂದ ತೂಗುಹಾಕುವ ಸ್ಲಿಂಗ್ ಹಾಕಿಕೊಂಡು ಸುಮ್ಮನಿರು ಎಂದರು, ಸೋದರಮಾವ ಪುತ್ತೂರು ಕಟ್ಟು ಎಂದರು. ಇಲ್ಲೇ ಆಪರೇಷನ್ ಮಾಡಿಸಿಕೊಂಡು ಹೊರಡಲೇ, ಅಲ್ಲಿನ ಬದುಕು ಹೇಗಿರುತ್ತದೆ, ಒಬ್ಬಳೇ ನಿಭಾಯಿಸಬಹುದೇ ಎಂಬುದು ಪ್ರಶ್ನೆ.

ಓದುತ್ತಿದ್ದಂತೆ ನನ್ನ ಎಡಗೈ ತಾನಾಗಿಯೇ ಬಲಭುಜದ ಗಾಯದ ಗೆರೆಯನ್ನು ಸವರಿಕೊಂಡಿತು. ನಾನು ಲೀಡ್ಸ್‌ಗೆ ಹೋದದ್ದು 2006ರಲ್ಲಿ. ಈಗ ರಜೆಗೆ ಬಂದು ಹನುಮಂತನಗರದ ಅಪ್ಪನ ಮನೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಲೆಕ್ಕಪತ್ರ ನೋಡುವುದು ನನ್ನ ಕೆಲಸ, ವೈದ್ಯಳಲ್ಲ. ಆದರೆ ಈ ಮೂಳೆಯ ವಿಷಯದಲ್ಲಿ ಎರಡೂ ದಾರಿಯಲ್ಲಿ ನಡೆದವಳು: ಮೊದಲು ಲೀಡ್ಸ್‌ನಲ್ಲಿ ಸ್ಲಿಂಗ್, ಆಮೇಲೆ ಬೆಂಗಳೂರಿನಲ್ಲಿ ಪ್ಲೇಟ್.

2017ರ ನವೆಂಬರ್, ಕಾಲುವೆ ದಂಡೆಯ ಸೈಕಲ್ ದಾರಿ. ಒದ್ದೆಯಾದ ತರಗೆಲೆಗಳು ಪಾಚಿಗಿಂತ ಹೆಚ್ಚು ಜಾರುತ್ತವೆಂದು ಅಂದು ತಿಳಿಯಿತು. ತುರ್ತು ಚಿಕಿತ್ಸಾ ವಿಭಾಗದಲ್ಲಿ ಐದು ಗಂಟೆ ಕಾಯಿಸಿ, ಎಕ್ಸ್-ರೇ ತೆಗೆದು, ನೀಲಿ ಬಟ್ಟೆಯ ಸ್ಲಿಂಗ್ ತೊಡಿಸಿ, ನೋವಿನ ಮಾತ್ರೆ ಕೊಟ್ಟು ಕಳುಹಿಸಿದರು. ಒಂದು ಪೈಸೆ ಕೇಳಲಿಲ್ಲ. ಅದೇ ರಾತ್ರಿ ಅಮ್ಮ ವಿಡಿಯೊ ಕರೆಯಲ್ಲಿ ನನ್ನನ್ನು ನೋಡಿ ಹೇಳಿದ ಮೊದಲ ಮಾತು, ‘ಇಷ್ಟು ದೊಡ್ಡ ದೇಶದಲ್ಲಿ ಒಂದು ಹಿಟ್ಟಿನ ಕಟ್ಟೂ ಹಾಕುವುದಿಲ್ಲವೇ?’ ಕಾಲರ್ ಬೋನಿಗೆ ಹಿಟ್ಟಿನ ಕಟ್ಟು ಎಲ್ಲಿಯೂ ಹಾಕುವುದಿಲ್ಲ ಎಂದು ಅವಳಿಗೆ ಒಪ್ಪಿಸಲು ಒಂದು ವಾರ ಹಿಡಿಯಿತು.

ಸೋದರಮಾವನಿಗೂ ಇದೇ ಉತ್ತರ. ಬೆಂಗಳೂರಿನ ಗೋಡೆಗಳ ಮೇಲೆಲ್ಲ ಕಾಣುವ ಈ ಪುತ್ತೂರು ನಮ್ಮ ದಕ್ಷಿಣ ಕನ್ನಡದ್ದಲ್ಲ, ಆಂಧ್ರದ್ದು. ಸೊಪ್ಪಿನ ಲೇಪ, ಮೊಟ್ಟೆಯ ಬಿಳಿಭಾಗ, ಬಿದಿರಿನ ದಬ್ಬೆ. ಮುಂಗೈ ಮೂಳೆಗಾದರೆ ದಬ್ಬೆ ಆಚೀಚೆ ಆಸರೆ ಕೊಟ್ಟೀತು. ಕಾಲರ್ ಬೋನಿಗೆ ದಬ್ಬೆಯನ್ನು ಎಲ್ಲಿ ಕಟ್ಟುತ್ತಾರೆ? ಮುರಿದಾಗ ಕತ್ತಿನ ಸ್ನಾಯು ಒಳತುಂಡನ್ನು ಮೇಲಕ್ಕೆಳೆಯುತ್ತದೆ, ತೋಳಿನ ಭಾರ ಹೊರತುಂಡನ್ನು ಕೆಳಕ್ಕೆಳೆಯುತ್ತದೆ. ಹೊರಗಿನ ಯಾವ ಕಟ್ಟೂ ಆ ಎಳೆದಾಟವನ್ನು ಬಿಡಿಸಲಾರದು. ಮೆಡಿಕಲ್ ಅಂಗಡಿಯಲ್ಲಿ ಸಿಗುವ, ಬೆನ್ನ ಮೇಲೆ ಎಂಟರ ಆಕಾರದಲ್ಲಿ ಬಿಗಿಯುವ ಬೆಲ್ಟ್ ಕೂಡ ಸ್ಲಿಂಗಿಗಿಂತ ಹೆಚ್ಚೇನೂ ಮಾಡುವುದಿಲ್ಲ, ಕಂಕುಳನ್ನು ಮಾತ್ರ ಚೆನ್ನಾಗಿ ಕೊರೆಯುತ್ತದೆ.

ಇನ್ನು ನಿನ್ನ ಇಬ್ಬರು ವೈದ್ಯರು. ಅವರಲ್ಲಿ ಒಬ್ಬರು ಸರಿ, ಇನ್ನೊಬ್ಬರು ತಪ್ಪು ಎಂದು ತಿಳಿಯಬೇಡ. 1960ರಲ್ಲಿ ಅಮೆರಿಕದ ಚಾರ್ಲ್ಸ್ ನೀರ್ ಎಂಬ ಶಸ್ತ್ರವೈದ್ಯರು, ಈ ಮೂಳೆ ನಡುವೆ ಮುರಿದು ಆಪರೇಷನ್ ಇಲ್ಲದೆ ಚಿಕಿತ್ಸೆ ಪಡೆದ 2,235 ಮಂದಿಯಲ್ಲಿ ಮೂವರಿಗೆ ಮಾತ್ರ ಮೂಳೆ ಕೂಡಲಿಲ್ಲ ಎಂದು ಬರೆದರು. ಬಹುಕಾಲ ವೈದ್ಯರು ಆ ಲೆಕ್ಕವನ್ನೇ ನಂಬಿದರು. ಆದರೆ ಅದರಲ್ಲಿ ಬೇಗ ಮೂಳೆ ಕೂಡುವ ಮಕ್ಕಳೂ ಇದ್ದರು, ಮೂಳೆ ಸ್ವಲ್ಪವೂ ಸರಿಯದವರೂ ಇದ್ದರು. ತುಂಡುಗಳು ಪೂರ್ತಿ ಸರಿದುಹೋದ ದೊಡ್ಡವರನ್ನಷ್ಟೇ ಆರಿಸಿ ನೋಡಿದಾಗ ಲೆಕ್ಕ ಬೇರೆಯಾಯಿತು. 2007ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗದಲ್ಲಿ ಸ್ಲಿಂಗ್ ಹಾಕಿಕೊಂಡ 49 ಮಂದಿಯಲ್ಲಿ ಏಳು ಜನರಿಗೆ ಮೂಳೆ ಕೂಡಲಿಲ್ಲ, ಪ್ಲೇಟ್ ಹಾಕಿಸಿಕೊಂಡ 62 ಮಂದಿಯಲ್ಲಿ ಇಬ್ಬರಿಗೆ. ಹತ್ತು ವರ್ಷದ ನಂತರ ಬ್ರಿಟನ್ನಿನ 301 ಜನರ ಪ್ರಯೋಗದಲ್ಲಿ ಒಂಬತ್ತು ತಿಂಗಳ ಹೊತ್ತಿಗೆ ಮೂಳೆ ಕೂಡದವರು ಸ್ಲಿಂಗಿನವರಲ್ಲಿ ನೂರಕ್ಕೆ 11, ಪ್ಲೇಟಿನವರಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಪ್ಲೇಟ್ ಎಂದ ವೈದ್ಯರು ಈ ಸಾಲನ್ನು ಓದಿದ್ದಾರೆ. ಅದೇ ಪ್ರಯೋಗದ ಇನ್ನೊಂದು ಸಾಲು ಸ್ಲಿಂಗ್ ಎಂದವರದು: ಆರು ವಾರಕ್ಕೆ, ಮೂರು ತಿಂಗಳಿಗೆ ಪ್ಲೇಟಿನವರ ಕೈ ಚೆನ್ನಾಗಿ ಆಡುತ್ತಿತ್ತು, ಒಂಬತ್ತು ತಿಂಗಳಿಗೆ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ. ಅಂದರೆ ಹತ್ತರಲ್ಲಿ ಒಬ್ಬರಿಗಾಗಿ ಉಳಿದ ಒಂಬತ್ತು ಜನರ ಭುಜವನ್ನೂ ಕೊಯ್ಯಬೇಕೇ ಎಂಬುದು ಪ್ರಶ್ನೆ.

ನಾನು ಆ ಹತ್ತರಲ್ಲಿ ಒಬ್ಬಳು. ಆರು ತಿಂಗಳಾದರೂ ಚಪಾತಿ ಲಟ್ಟಿಸುವಾಗ ಭುಜದೊಳಗೆ ಏನೋ ಸಣ್ಣಗೆ ಕಟಕ್ ಎನ್ನುತ್ತಿತ್ತು. ಸಿ.ಟಿ. ಸ್ಕ್ಯಾನ್ ನೋಡಿದರೆ ಎರಡು ತುಂಡುಗಳ ನಡುವೆ ಕಪ್ಪು ಗೆರೆ ಹಾಗೆಯೇ ಇದೆ. ಲೀಡ್ಸ್‌ನಲ್ಲಿ ಆಪರೇಷನ್ನಿಗೆ ಹೆಸರು ಬರೆಸಿದ್ದೆ. ಕಾಯುವ ತಾಳ್ಮೆಯಿಲ್ಲದೆ 2018ರ ಜುಲೈನಲ್ಲಿ ಬೆಂಗಳೂರಿಗೆ ಬಂದೆ. ಇಲ್ಲಿ ಪ್ಲೇಟ್ ಹಾಕಿ, ಸೊಂಟದ ಮೂಳೆಯಿಂದ ಸ್ವಲ್ಪ ತೆಗೆದು ಬಿರುಕಿಗೆ ತುಂಬಿದರು. ಭುಜಕ್ಕಿಂತ ಸೊಂಟವೇ ಹೆಚ್ಚು ನೋಯಿತು. ಮೂಳೆ ಕೂಡಿತು. ಗಾಯದ ಗೆರೆಯ ಕೆಳಗೆ ಒಂದು ಅಂಗೈ ಅಗಲದ ಚರ್ಮ ಇಂದಿಗೂ ಮರಗಟ್ಟಿದೆ. ಅಲ್ಲಿ ಇರುವೆ ಹರಿದರೂ ತಿಳಿಯದು, ಆದರೆ ಕಾರಿನ ಸೀಟ್ ಬೆಲ್ಟ್ ಪ್ಲೇಟಿಗೆ ಒತ್ತಿದರೆ ಚೆನ್ನಾಗಿಯೇ ತಿಳಿಯುತ್ತದೆ. ಈ ಕಿರಿಕಿರಿ ತಾಳದೆ ಪ್ಲೇಟ್ ತೆಗೆಸಲು ಎರಡನೆಯ ಆಪರೇಷನ್ ಮಾಡಿಸಿಕೊಳ್ಳುವವರೂ ಇದ್ದಾರೆ. ನಾನು ಸೀಟ್ ಬೆಲ್ಟಿಗೆ ಹಳೆಯ ಉಣ್ಣೆ ಕಾಲುಚೀಲ ಸುತ್ತಿ ಸುಮ್ಮನಾದೆ.

ಹಾಗಾದರೆ ಮೊದಲೇ ಪ್ಲೇಟ್ ಹಾಕಿಸಿಕೊಳ್ಳಬೇಕಿತ್ತೇ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ. ಆ ದಿನ ನನ್ನ ಕೈಯಲ್ಲಿದ್ದ ಲೆಕ್ಕದಲ್ಲಿ ಸ್ಲಿಂಗ್ ತಪ್ಪಾಗಿರಲಿಲ್ಲ. ತಪ್ಪಾದದ್ದು ಬೇರೆ ಕಡೆ. ವರ್ಷಾಂತ್ಯದ ಲೆಕ್ಕ ಮುಗಿಸಬೇಕು, ಎರಡು ವಾರ ರಜೆ ಹಾಕಲಾಗದು ಎಂಬ ಕಾರಣಕ್ಕೆ ನಾನು ಸ್ಲಿಂಗ್ ಆರಿಸಿಕೊಂಡೆ. ಮೂಳೆಯ ಪ್ರಶ್ನೆಗೆ ಕಚೇರಿಯ ಕ್ಯಾಲೆಂಡರ್ ಉತ್ತರ ಕೊಟ್ಟಿತು. ನೀನೀಗ ವಿಮಾನದ ಟಿಕೆಟ್ಟಿನಿಂದ ಉತ್ತರ ಕೇಳುತ್ತಿದ್ದೀಯ.

ನಿನ್ನ ಮೂಳೆ ಎರಡೇ ತುಂಡಾಗಿದೆ, ಒಂದರ ಮೇಲೊಂದು ಒಂದೂವರೆ ಸೆಂಟಿಮೀಟರ್ ಏರಿದೆ ಎಂದು ಬರೆದಿದ್ದೀಯ. ಚರ್ಮ ಹರಿದು ಮೂಳೆ ಹೊರಬಂದಿದ್ದರೆ, ಒಳಗಿನಿಂದ ಗುಡಾರದ ಕಂಬದಂತೆ ಚರ್ಮವನ್ನು ಎತ್ತಿ ಹಿಡಿದಿದ್ದರೆ, ಬೆರಳು ಜೋಮು ಹಿಡಿದಿದ್ದರೆ ಆಪರೇಷನ್ ಬಿಟ್ಟು ಬೇರೆ ಮಾತೇ ಇರಲಿಲ್ಲ. ಎರಡು ಸೆಂಟಿಮೀಟರಿಗಿಂತ ಹೆಚ್ಚು ಗಿಡ್ಡವಾಗಿದ್ದರೆ, ಚೂರುಚೂರಾಗಿದ್ದರೆ ಪ್ಲೇಟಿನ ಕಡೆಗೆ ತಕ್ಕಡಿ ವಾಲುತ್ತದೆ. ನಿನ್ನದು ಗಡಿಯ ಈಚೆ ನಿಂತಿದೆ, ಆದರೆ ಅದು ಹತ್ತು ದಿನದ ಹಿಂದಿನ ಚಿತ್ರ. ಆ ಮೇಲೆ ಇನ್ನೂ ಜಾರಿರಬಹುದು. ಈ ವಾರವೇ ಇನ್ನೊಂದು ಎಕ್ಸ್-ರೇ ತೆಗೆಸು. ಎರಡು ಮೂರು ವಾರ ದಾಟಿದರೆ ಹೊಸ ಮೂಳೆ ಬೆಳೆಯತೊಡಗಿ ಆಪರೇಷನ್ ಕಷ್ಟವಾಗುತ್ತದೆ, ಆದ್ದರಿಂದ ಅದು ಮುಂದೂಡುವ ವಿಷಯವಲ್ಲ. ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಇಂಥ ಮೂಳೆಗಳನ್ನೇ ನೋಡುತ್ತಾರೆ, ಮೂರನೆಯ ಅಭಿಪ್ರಾಯ ಬೇಕೆನಿಸಿದರೆ ಅಲ್ಲಿಗೂ ಹೋಗು. ಪ್ಲೇಟ್ ಬೇಡ ಎಂದವರನ್ನು, ‘ಏನನ್ನು ಕಂಡರೆ ಬೇಕು ಎನ್ನುತ್ತೀರಿ?’ ಎಂದು ಕೇಳು. ಬೇಕು ಎಂದವರನ್ನು ಅದನ್ನೇ ತಿರುಗಿಸಿ ಕೇಳು. ನನ್ನ ಮಟ್ಟಿಗೆ ಹೇಳುವುದಾದರೆ, ಮೂಳೆ ಜಾರಿಲ್ಲದಿದ್ದರೆ ನಾನು ಮತ್ತೆ ಸ್ಲಿಂಗನ್ನೇ ಆರಿಸಿಕೊಳ್ಳುತ್ತೇನೆ. ಸಿಗರೇಟ್ ಸೇದುವುದಿಲ್ಲ ತಾನೇ? ಸೇದುವವರಿಗೆ ಮೂಳೆ ಕೂಡುವುದು ಕಷ್ಟ. ಇದನ್ನು ಅಪ್ಪ ಅಮ್ಮನ ಮುಂದೆ ವೈದ್ಯರು ಕೇಳಿದರೆ ಯಾರೂ ನಿಜ ಹೇಳುವುದಿಲ್ಲವಾದ್ದರಿಂದ ನಾನು ಇಲ್ಲಿ ಕೇಳಿದೆ.

ಅಮ್ಮ ಮಾಡುವ ಮಂಗರವಳ್ಳಿ ಚಟ್ನಿ ಬೇಡವೆನ್ನಬೇಡ. ಮೂಳೆ ಕೂಡಿಸುತ್ತದೆಯೋ ಇಲ್ಲವೋ, ಅನ್ನಕ್ಕೆ ಚೆನ್ನಾಗಿರುತ್ತದೆ. ಹುಣಿಸೆಹಣ್ಣು ಸಾಲದಿದ್ದರೆ ಮಾತ್ರ ಗಂಟಲು ತುರಿಸುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಹಾಗಾಗಿ ಮುದ್ದೆಯ ವಿಷಯದಲ್ಲಿ ಅಜ್ಜಿ ಹೇಳಿದ್ದು ಸರಿ. ಅಲ್ಲಿಗೆ ಬಂದ ಮೇಲೆ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಬಿಸಿಲನ್ನು ನಂಬಬೇಡ, ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೋ ಎಂದು ಅಲ್ಲಿನ ಸರ್ಕಾರವೇ ಹೇಳುತ್ತದೆ.

ಈಗ ಅಲ್ಲಿನ ಬದುಕು. ಆಸ್ಪತ್ರೆಯ ಖರ್ಚಿಗೆ ಹೆದರಬೇಡ. ವಿದ್ಯಾರ್ಥಿ ವೀಸಾದ ಜೊತೆಗೇ ವರ್ಷಕ್ಕೆ 776 ಪೌಂಡಿನಂತೆ ಆರೋಗ್ಯ ಶುಲ್ಕ ಕಟ್ಟಿರುತ್ತೀಯ. ಬಂದ ವಾರದಲ್ಲೇ ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಹೆಸರು ನೋಂದಾಯಿಸು, ಅವರ ಮೂಲಕವೇ ಮೂಳೆ ವೈದ್ಯರು, ಫಿಸಿಯೊಥೆರಪಿ ಎಲ್ಲ. ಔಷಧಿ ಚೀಟಿಯ ಒಂದೊಂದು ಬಾಬ್ತಿಗೆ ಸುಮಾರು ಹತ್ತು ಪೌಂಡ್. ಎಕ್ಸ್-ರೇ ಚಿತ್ರಗಳನ್ನೂ ಡಿಸ್ಚಾರ್ಜ್ ಪತ್ರವನ್ನೂ ಮೊಬೈಲಿನಲ್ಲಿಯೂ ಕಾಗದದಲ್ಲಿಯೂ ಇಟ್ಟುಕೋ. ಪ್ಲೇಟ್ ಹಾಕಿಸಿಕೊಂಡರೆ ಯಾವ ಪ್ಲೇಟ್ ಎಂಬ ಚೀಟಿಯನ್ನೂ ಕೇಳಿ ಪಡೆ. ಇದು ಸುಲಭದ ಭಾಗ.

ಕಷ್ಟದ್ದು ಜಡೆ. ಒಂದು ಕೈಯಲ್ಲಿ ಕೂದಲಿಗೆ ರಬ್ಬರ್ ಬ್ಯಾಂಡ್ ಹಾಕಲು ಈಗಲೇ ಕನ್ನಡಿ ಮುಂದೆ ನಿಂತು ನೋಡು. ಮೊದಲ ಮೂರು ವಾರ ನಾನು ಕೂದಲು ಬಿಟ್ಟುಕೊಂಡೇ ಕಚೇರಿಗೆ ಹೋದೆ. ಒಂದು ಭಾನುವಾರ ಉಪ್ಪಿನಕಾಯಿ ಬಾಟಲಿಯನ್ನು ಮಂಡಿಗಳ ನಡುವೆ ಸಿಕ್ಕಿಸಿ ತಿರುಗಿಸಿದೆ, ಜಾರಿ ನೆಲಕ್ಕೆ ಬಿತ್ತು. ಅಡುಗೆಮನೆಯ ತುಂಬ ಎಣ್ಣೆ, ಗಾಜು, ಮಾವಿನ ಹೋಳು. ಅಳು ಬಂತು. ಅತ್ತು ಮುಗಿಸಿ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಅಲ್ಲಿ ಒಬ್ಬಳೇ ಇದ್ದ ಮುದುಕಿ ಪೊರಕೆ ಹಿಡಿದು ಬಂದಳು, ಗುಡಿಸಿದಳು, ಆಮೇಲೆ ನನ್ನ ತಲೆಯನ್ನೊಮ್ಮೆ ನೋಡಿ, ‘ಕೂತುಕೋ, ಲವ್’ ಎಂದು ಕೂದಲು ಬಾಚಿ ಬಿಗಿಯಾಗಿ ಹೆಣೆದಳು. ಮೂರು ವಾರದಿಂದ ನನ್ನ ಸ್ಲಿಂಗ್ ನೋಡುತ್ತಲೇ ಇದ್ದಳಂತೆ. ‘ನೀನಾಗಿ ಕೇಳದೆ ನಾನು ಹೇಗೆ ಬರಲಿ?’ ಎಂದಳು. ಇಲ್ಲಿ ಆಪರೇಷನ್ ಆದಾಗ ಯಾರನ್ನೂ ಕೇಳಬೇಕಾಗಿರಲಿಲ್ಲ. ಮೊದಲ ವಾರವೇ ಹದಿನಾಲ್ಕು ಜನ ಬಂದರು, ಹದಿನಾಲ್ಕು ಮದ್ದು ಹೇಳಿದರು, ನಾನು ಮಲಗಲು ಅವರೆಲ್ಲ ಎದ್ದು ಹೋಗುವುದನ್ನು ಕಾಯಬೇಕಾಯಿತು. ಲೀಡ್ಸ್‌ನಲ್ಲಿ ಬಾಗಿಲು ತಟ್ಟುವವಳು ನೀನೇ ಆಗಬೇಕು. ನಮ್ಮಲ್ಲಿ ಬೆಳೆದವರಿಗೆ ಅದನ್ನು ಕಲಿಯಲು ಮೂಳೆ ಕೂಡುವುದಕ್ಕಿಂತ ಹೆಚ್ಚು ಕಾಲ ಬೇಕು.

ಕೆಲವು ಸಣ್ಣ ಉಪಾಯ. ಮುಂದೆ ಗುಂಡಿಯಿರುವ ಅಂಗಿಗಳನ್ನೇ ತಾ. ತೊಡುವಾಗ ನೋವಿನ ಕೈ ಮೊದಲು, ತೆಗೆಯುವಾಗ ಅದು ಕೊನೆಗೆ. ಕಂಕುಳು ತೊಳೆಯಲು ತೋಳನ್ನು ಎತ್ತಬೇಡ, ಮುಂದಕ್ಕೆ ಬಾಗಿದರೆ ತೋಳು ತಾನೇ ಜೋತುಬೀಳುತ್ತದೆ, ಅಷ್ಟು ಸಂದು ಸಾಕು. ರಾತ್ರಿ ಎರಡು ಮೂರು ದಿಂಬಿಗೆ ಒರಗಿ ಮಲಗು. ಬೆರಳು, ಮಣಿಕಟ್ಟು, ಮೊಣಕೈ ದಿನವೂ ಆಡಿಸು, ಇಲ್ಲದಿದ್ದರೆ ಅವೂ ಬಿಗಿದುಕೊಳ್ಳುತ್ತವೆ. ವೈದ್ಯರು ಹೇಳುವವರೆಗೆ ತೋಳು ಭುಜಕ್ಕಿಂತ ಮೇಲೆ ಹೋಗಬಾರದು.

ನೀನು ಹೊರಡುವ ಹೊತ್ತಿಗೆ ಮೂಳೆ ಮುರಿದು ಆರೂವರೆ ವಾರವಾಗಿರುತ್ತದೆ. ಹೆಚ್ಚುಕಡಿಮೆ ಸ್ಲಿಂಗ್ ಬಿಟ್ಟಿರುತ್ತೀಯ, ಆದರೆ ಭಾರ ಎತ್ತುವಂತಿಲ್ಲ. 23 ಕೆಜಿಯ ಎರಡು ಸೂಟ್‌ಕೇಸ್ ಎಳೆದುಕೊಂಡು ಮ್ಯಾಂಚೆಸ್ಟರಿನಲ್ಲಿ ಇಳಿದು ರೈಲು ಹತ್ತುವ ಚಿತ್ರವನ್ನು ತಲೆಯಿಂದ ತೆಗೆದುಹಾಕು. ವಿಮಾನ ಸಂಸ್ಥೆಗೆ ಮೊದಲೇ ತಿಳಿಸಿ ಸಹಾಯ ಕೇಳು. ವಿಶ್ವವಿದ್ಯಾಲಯಕ್ಕೆ ಇವತ್ತೇ ಇಮೇಲ್ ಬರೆದು, ತಡವಾಗಿ ಬಂದರೆ ಕೊನೆಯ ದಿನ ಯಾವುದು ಎಂದು ವಿಚಾರಿಸು. ಆ ಒಂದು ದಿನಾಂಕ ತಿಳಿದರೆ ವೈದ್ಯರ ಮುಂದೆ ಕುಳಿತಾಗ ನಿನಗೆ ಟಿಕೆಟ್ ಅಡ್ಡ ಬರುವುದಿಲ್ಲ.

ನಾನು ಮುಂದಿನ ತಿಂಗಳು ಹಿಂತಿರುಗುತ್ತೇನೆ. ನನ್ನ ಎರಡನೆಯ ಸೂಟ್‌ಕೇಸಿನಲ್ಲಿ ಅರ್ಧ ಜಾಗವಿದೆ. ಬಟ್ಟೆ, ಪುಸ್ತಕ ತಂದುಕೊಡು, ಹನುಮಂತನಗರದ ಮನೆಯಲ್ಲಿ ಇಬ್ಬರೂ ಕುಳಿತು ಕಣ್ಣೆದುರೇ ತುಂಬೋಣ. ರಾಗಿ ಹಿಟ್ಟು ಮಾತ್ರ ತರಬೇಡ. ಅಮ್ಮ ಈಗಾಗಲೇ ನಾಲ್ಕು ಕೆಜಿ ಕಟ್ಟಿಟ್ಟಿದ್ದಾಳೆ.