‘ನಿನಗ ಬರತೈತಲ್ಲ’: ಎರಡು ಸಾವಿರ ರೂಪಾಯಿ ಮತ್ತು ಒಂದು ಪೀಕೋ ಮಷಿನ್

(ಗುರುತು ಸಿಗದ ಹಾಗೆ ಊರು, ಕುಟುಂಬದ ವಿವರಗಳನ್ನು ಬದಲಿಸಲಾಗಿದೆ.)

ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಮೇಲೆ ಆರ್ಥಿಕ ಸಲಹೆಗೆ ಬರುವ ಹೆಂಗಸರ ಬಾಯಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ: “ತಿಂಗಳಾ ಎರಡು ಸಾವಿರ ಬರತೈತ್ರಿ, ಆದ್ರ ಏನೂ ಕಾಣವಲ್ದು.” ಹಾಗೆ ಹೇಳುವವರೆಲ್ಲ ದುಂದುಗಾರರೇನಲ್ಲ. ಲೆಕ್ಕ ಬಿಡಿಸಿ ನೋಡಿದರೆ ಹಣ ಸೋರುವ ಜಾಗ ಹೆಚ್ಚಾಗಿ ಒಂದೇ ಇರುತ್ತದೆ. ಅದನ್ನು ತೋರಿಸಲೆಂದೇ ಈ ಪ್ರಕರಣ.

ಆಕೆಗೆ ನಲವತ್ತರ ಆಸುಪಾಸು. ಉತ್ತರ ಕರ್ನಾಟಕದ ಒಣ ಬೇಸಾಯದ ಊರು, ಒಂದೂವರೆ ಎಕರೆ ಹೊಲ, ಗಂಡ ಗೌಂಡಿ ಕೆಲಸಕ್ಕೆ ಹೋಗುತ್ತಾರೆ. ಮಗಳು ದ್ವಿತೀಯ ಪಿಯುಸಿ, ಮಗ ಒಂಬತ್ತನೇ ಕ್ಲಾಸು. ಮನೆಯಲ್ಲಿ ಹಳೆಯ ಕಾಲ್ತುಳಿ ಹೊಲಿಗೆ ಯಂತ್ರವಿದೆ, ಬ್ಲೌಸ್ ಹೊಲಿಯುತ್ತಾರೆ. ಹೆಸರಿನಲ್ಲಿ ಮೈಕ್ರೋಫೈನಾನ್ಸ್ ಗುಂಪಿನ 40,000 ರೂಪಾಯಿ ಸಾಲ: ವರ್ಷಕ್ಕೆ ಶೇ. 24 ಬಡ್ಡಿ, 24 ಕಂತು, ತಿಂಗಳಿಗೆ 2,115. ಅದು ಮೂರನೆಯ ಸಾಲ, ಇನ್ನೂ 15 ಕಂತು ಬಾಕಿ. ಬಂದದ್ದು ಒಂದೇ ಪ್ರಶ್ನೆ ಹಿಡಿದು: “ಈ ಸಾಲ ಲಗೂನ ಹೆಂಗ ತೀರಿಸಬೇಕ್ರಿ?”

ಮೊದಲೆರಡು ಭೇಟಿಗಳಲ್ಲಿ ಹೇಳಿಕೊಳ್ಳುವಂಥದ್ದು ನಡೆಯಲಿಲ್ಲ. ಪಾಸ್‌ಬುಕ್ ನೋಡಿದ್ದು, ಕಂತಿನ ಕಾರ್ಡು ನೋಡಿದ್ದು, ಅಷ್ಟೆ. ಮೂರನೆಯ ಸಲ ಮೇಜಿನ ಮೇಲೆ ಇಪ್ಪತ್ತು ಹುಣಸೆ ಬೀಜ ಇಟ್ಟೆವು. ಒಂದು ಬೀಜಕ್ಕೆ ನೂರು ರೂಪಾಯಿ. ಗೃಹಲಕ್ಷ್ಮಿ ಜಮಾ ಆದ ದಿನ ಯಾವುದು ಎಲ್ಲಿಗೆ ಹೋಗುತ್ತದೆಯೋ ಆ ಕಡೆ ಸರಿಸಿ ಎಂದಾಗ ಆಕೆ ಇಪ್ಪತ್ತನ್ನೂ ಅಂಗೈಯಲ್ಲಿ ಒತ್ತಿ ಕಂತಿನ ಕಾರ್ಡಿನ ಪಕ್ಕಕ್ಕೆ ಸರಿಸಿಬಿಟ್ಟರು.

“ನಿಮಗ ಅಂತ ಒಂದೂ ಇಲ್ಲೇನ್ರಿ?”

ಒಂದು ಬೀಜ ಎತ್ತಿದರು, ಮತ್ತೆ ಅಲ್ಲೇ ಇಟ್ಟರು. “ಅದೇನು ನನ್ನ ರೊಕ್ಕಲ್ರಿ. ಬಂದ ರೊಕ್ಕ. ಬಂದದ್ದು ಹೊಕ್ಕೈತಿ.”

“ಈ ರೊಕ್ಕ ಬರೂಕಿಂತ ಮೊದಲ ಕಂತು ಹೆಂಗ ಕಟ್ತಿದ್ರಿ?”

“ಅವರು ಪಗಾರದಾಗ ಕೊಡ್ತಿದ್ರು, ನಾ ಕೂಲಿ ಮಾಡಿದ್ದು ಒಂದೀಟು ಹಾಕ್ತಿದ್ದೆ.”

“ಈಗ?”

ಆಕೆ ಬಹಳ ಹೊತ್ತು ಬೀಜಗಳನ್ನೇ ನೋಡುತ್ತಿದ್ದರು. ಆಮೇಲೆ, “ಅವರು ಕೊಡೂದು ಬಿಟ್ಟಾರ್ರಿ. ಕೇಳಿದ್ರ, ನಿನಗ ಬರತೈತಲ್ಲ ಅಂತಾರ.”

ಹೊಸ ಹಣ ಬಂದಿದೆ, ಹಳೆಯ ಹಣ ಸದ್ದಿಲ್ಲದೆ ಹಿಂದೆ ಸರಿದಿದೆ. ಮನೆಯ ಒಟ್ಟು ಆದಾಯ ಎರಡು ಸಾವಿರ ಹೆಚ್ಚಿದರೂ ಆಕೆಯ ಕೈಗೆ ಬರುವ ಹಣ ಒಂದು ರೂಪಾಯಿಯೂ ಹೆಚ್ಚಿಲ್ಲ. ಯಜಮಾನಿಯ ಖಾತೆಗೆ ಹಾಕಿದ ಮಾತ್ರಕ್ಕೆ ಹಣ ಯಜಮಾನಿಯದಾಗುತ್ತದೆ ಎಂದು ನಂಬುವವರು ಗಮನಿಸಬೇಕು. ಕೆನ್ಯಾದ ರರಿಯೆಡಾದಲ್ಲಿ 2011–13ರಲ್ಲಿ ಬಡ ಕುಟುಂಬಗಳಿಗೆ ಷರತ್ತಿಲ್ಲದೆ ಹಣ ಕೊಟ್ಟು ನಡೆಸಿದ ಅಧ್ಯಯನದಲ್ಲಿ, ಕೆಲವು ಮನೆಗಳಲ್ಲಿ ಹೆಂಡತಿಗೆ, ಕೆಲವು ಮನೆಗಳಲ್ಲಿ ಗಂಡನಿಗೆ ಕೊಟ್ಟು ನೋಡಿದರು. ಫಲಿತಾಂಶದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಹೆಂಡ, ತಂಬಾಕಿನ ಖರ್ಚು ಏರಲಿಲ್ಲ ಎಂಬುದೂ ಅಲ್ಲೇ ಗೊತ್ತಾಯಿತು. “ಪುಕ್ಕಟೆ ದುಡ್ಡು ಸಾರಾಯಿ ಅಂಗಡಿಗೆ” ಎನ್ನುವವರಿಗೆ ಇದನ್ನು ಹೇಳಬೇಕಾಗುತ್ತದೆ. ಅದೇ ಅಧ್ಯಯನದ ಇನ್ನೊಂದು ಮಾತು ನಮ್ಮ ಕೆಲಸಕ್ಕೆ ಹೆಚ್ಚು ಬೇಕಾದ್ದು: ತಿಂಗಳು ತಿಂಗಳು ಬಂದ ಹಣ ಊಟದ ತಟ್ಟೆಗೆ ಹೋಯಿತು, ಒಟ್ಟಿಗೆ ಗಂಟಾಗಿ ಬಂದದ್ದು ಬಾಳಿಕೆಯ ವಸ್ತುಗಳಾಯಿತು. ಅಂದರೆ ಎರಡು ಸಾವಿರವನ್ನು ಎಲ್ಲಾದರೂ ಗಂಟು ಕಟ್ಟದಿದ್ದರೆ ಅದು ಯಂತ್ರವಾಗುವುದಿಲ್ಲ, ಎಮ್ಮೆಯೂ ಆಗುವುದಿಲ್ಲ.

ನಿಜವಾಗಿ ಏನು ಬೇಕು ಎಂದು ಆ ದಿನವೇ ಕೇಳಿದೆವು. ಸಾಲ ತೀರಬೇಕು ಎಂದರು. ಅದು ಭಯ, ಗುರಿಯಲ್ಲ. ಇನ್ನೊಮ್ಮೆ ಕೇಳಿದ ಮೇಲೆ ಹೊರಬಂತು: ಪೀಕೋ ಮಷಿನ್. ಊರಿನವರು ಸೀರೆಗೆ ಪೀಕೋ ಹಾಕಿಸಲು 14 ಕಿಲೋಮೀಟರ್ ದೂರದ ತಾಲೂಕಿಗೆ ಹೋಗಬೇಕು, ಕೊಟ್ಟ ಸೀರೆ ಸಿಗಲು ಮೂರು ದಿನ. ಈಗಿರುವ ಯಂತ್ರ ನೇರ ಹೊಲಿಗೆಯದು, ಅಂಚಿಗೆ ಬೇಕಾದ ಅಡ್ಡ ಹೊಲಿಗೆ ಅದರಲ್ಲಿ ಬರುವುದಿಲ್ಲ. ಟೇಬಲ್, ಮೋಟಾರ್ ಸೇರಿ 13,500 ಎಂದು ಆಕೆ ಅಂಗಡಿಯಲ್ಲಿ ಕೇಳಿಕೊಂಡೇ ಬಂದಿದ್ದರು! ಬೆಲೆ ವಿಚಾರಿಸಿಟ್ಟ ಆಸೆ ಬರೀ ಆಸೆಯಲ್ಲ. ನಾವು ಸೇರಿಸಿದ್ದು ಒಂದೇ ಮಾತು: ಮೋಟಾರಿನ ಜೊತೆ ಕಾಲ್ತುಳಿಯೂ ಇರುವ ಸ್ಟ್ಯಾಂಡ್ ಕೇಳಿ, ಕರೆಂಟ್ ಹೋದರೆ ಕೆಲಸ ನಿಲ್ಲಬಾರದು.

ಸಲಹೆಯ ಮೊದಲ ಭಾಗ ಹಣದ್ದಲ್ಲ, ಮಾತಿನದು. ಯೋಜನೆಗೆ ಮುಂಚೆ ಯಾರು ಎಷ್ಟು ಹಾಕುತ್ತಿದ್ದರೋ ಅದನ್ನು ಬರೆದು ಗಂಡನ ಮುಂದಿಡಬೇಕು. ಮುಚ್ಚಿಡುವ ಖಾತೆ ಮಾಡಿಸಿ ಎಂದು ನಾವು ಸಾಮಾನ್ಯವಾಗಿ ಹೇಳುವುದಿಲ್ಲ. ಹಳ್ಳಿಯಲ್ಲಿ ಅದು ಮುಚ್ಚಿರುವುದೂ ಇಲ್ಲ, ಊರಲ್ಲಿ ಬ್ಯಾಂಕಿನ ಪರವಾಗಿ ಹಣ ಕೊಟ್ಟು ತೆಗೆದುಕೊಳ್ಳುವ ‘ಬ್ಯಾಂಕ್ ಮಿತ್ರ’ ಪಕ್ಕದ ಓಣಿಯವನೇ ಆಗಿರುತ್ತಾನೆ. ಆದರೆ ಕೈ ಮಾಡುವ ಗಂಡನಿದ್ದರೆ ಈ ಸಲಹೆ ತಪ್ಪು. ಅಲ್ಲಿ ಮೊದಲು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಅಥವಾ ನೊಂದ ಹೆಂಗಸರಿಗೆ ನೆರವಾಗುವ ಸಾಂತ್ವನ ಕೇಂದ್ರ, ಲೆಕ್ಕ ಆಮೇಲೆ. ಈ ಮನೆಯಲ್ಲಿ ಹೊಡೆತವಿರಲಿಲ್ಲ ಎಂಬುದನ್ನು ಬೇರೆಯಾಗಿ ಕೇಳಿಕೊಂಡ ಮೇಲೆಯೇ ಹೇಳಿದ್ದು.

ಮುಂದಿನ ವಾರ ಗಂಡನೂ ಬಂದರು. “ನಾ ಏನ್ ಕುಡದು ಹಾಳ ಮಾಡೀನೇನ್ರಿ?” ಎಂದೇ ಕೂತರು. ಹಾಳು ಮಾಡಿರಲಿಲ್ಲ. ಹೆಂಡತಿಗೆ ಹಣ ಬರತೊಡಗಿದ ಮೂರನೇ ತಿಂಗಳಿಗೆ ಬೈಕ್ ಸಾಲ ಮಾಡಿದ್ದರು, ಕಂತು 2,300. ಕೆಲಸದ ಜಾಗಕ್ಕೆ ಹೋಗಲು ಬೈಕ್ ಬೇಕಿತ್ತು. ಗೃಹಲಕ್ಷ್ಮಿಯ ಹಣ ಸುತ್ತಿ ಬಳಸಿ ಆ ಬೈಕಿಗೇ ಹೋಗುತ್ತಿದೆ ಎಂದು ಅವರಿಗೂ ಹೊಳೆದಿರಲಿಲ್ಲ. ಚೌಕಾಸಿಯ ನಂತರ ಗುಂಪಿನ ಕಂತಿಗೆ 1,500 ಕೊಡಲು ಒಪ್ಪಿದರು, ಉಳಿದ 615 ಆಕೆಯ ಹೊಲಿಗೆಯಿಂದ. ಎರಡು ಸಾವಿರದಲ್ಲಿ 1,200 ಮಷಿನ್‌ಗೆ, 500 ಮಗಳ ಓದಿಗೆ. ಉಳಿದ 300 ಯಾತಕ್ಕೆ ಎಂದು ನಾವು ಕೇಳಲಿಲ್ಲ. ಬೆಳಗಾವಿ ಜಿಲ್ಲೆಯ ರಾಯಬಾಗ ತಾಲೂಕಿನ ಅಜ್ಜಿಯೊಬ್ಬರು ಈ ಹಣ ಕೂಡಿಟ್ಟು ಊರಿಗೆ ಹೋಳಿಗೆ ಊಟ ಹಾಕಿಸಿದ್ದು 2024ರಲ್ಲಿ ಸುದ್ದಿಯಾದಾಗ ಕೆಲವರು ಮೂಗು ಮುರಿದಿದ್ದರು. ಕೂಡಿಟ್ಟು ಹಾಕಿಸಿದ ಊಟವೂ ಗುರಿಯೇ.

ಹಣ ಎಲ್ಲಿಡಬೇಕು? ಎಲ್ಲರ ಬಾಯಲ್ಲೂ ಬರುವ ಉತ್ತರ ಆರ್‌ಡಿ, ಅಂದರೆ ತಿಂಗಳು ತಿಂಗಳು ಇಂತಿಷ್ಟು ಎಂದು ಕಟ್ಟುವ ಠೇವಣಿ. ಇಲ್ಲಿ ಬೇಡ ಎಂದೆವು. ಗೃಹಲಕ್ಷ್ಮಿ ಪ್ರತಿ ತಿಂಗಳೂ ತಪ್ಪದೆ ಬರುವುದಿಲ್ಲ, ಕೆಲವು ಸಲ ಎರಡು ಮೂರು ತಿಂಗಳಿನದು ಒಟ್ಟಿಗೆ ಬೀಳುತ್ತದೆ. ಅಂಚೆ ಆರ್‌ಡಿ ಐದು ವರ್ಷದ್ದು. ತಪ್ಪಿದ ಕಂತಿಗೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ದಂಡ, ನಾಲ್ಕು ಕಂತು ತಪ್ಪಿದರೆ ಖಾತೆಯೇ ನಿಲ್ಲುವ ಹಾದಿ ಹಿಡಿಯುತ್ತದೆ. ಅದರ ಬದಲು ಅಂಚೆಯಲ್ಲೇ ಎಟಿಎಂ ಕಾರ್ಡಿಲ್ಲದ ಉಳಿತಾಯ ಖಾತೆ. ಖಾತೆಯಲ್ಲಿ ಕನಿಷ್ಠ 500 ರೂಪಾಯಿ ಇರಬೇಕು, ಬಡ್ಡಿ ಶೇ. 4.

ಎರಡನೇ ಖಾತೆ ತೆರೆಯುವಾಗ ಆಗುವ ದೊಡ್ಡ ಎಡವಟ್ಟು ಆಧಾರ್ ಜೋಡಣೆಯದು. ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಸಂಸ್ಥೆ ಎನ್‌ಪಿಸಿಐ; ಅದರ ಪಟ್ಟಿಯಲ್ಲಿ ಒಂದು ಆಧಾರಿಗೆ ಒಂದು ಸಲಕ್ಕೆ ಒಂದೇ ಬ್ಯಾಂಕು. ಕೊನೆಗೆ ಜೋಡಿಸಿದ ಕಡೆಗೇ ಸಹಾಯಧನ ಹೋಗುತ್ತದೆ. ಹೊಸ ಖಾತೆಯ ಅರ್ಜಿಯಲ್ಲಿ ‘ಡಿಬಿಟಿ (ಸರ್ಕಾರದಿಂದ ನೇರ ಜಮಾ ಆಗುವ ಸಹಾಯಧನ) ಈ ಖಾತೆಗೆ ಬರಲಿ’ ಎಂಬಲ್ಲಿ ಕಣ್ಣುಮುಚ್ಚಿ ಸಹಿ ಹಾಕಿದರೆ ಹಳೆ ಖಾತೆ ನೋಡುತ್ತಾ ಕೂತು “ರೊಕ್ಕ ನಿಂತೈತಿ” ಎಂದು ಪಂಚಾಯಿತಿಗೆ ಅಲೆಯಬೇಕಾಗುತ್ತದೆ. ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಮೈಆಧಾರ್ ತಾಣದಲ್ಲೂ, ಜಮಾ ಆದ ವಿವರವನ್ನು ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲೂ ನೋಡಬಹುದು.

ಈ ಸಲಹೆಗೆ ಬೈದವರಿದ್ದಾರೆ. ಶೇ. 24ರ ಸಾಲ ಇಟ್ಟುಕೊಂಡು ಶೇ. 4ಕ್ಕೆ ಉಳಿತಾಯವೇ? ಆಕ್ಷೇಪ ಸರಿಯಾದದ್ದೇ, ಲೆಕ್ಕ ಹಾಕಿಯೇ ನೋಡಿದೆವು. ಆ 1,200ನ್ನು ತಿಂಗಳು ತಿಂಗಳು ಸಾಲಕ್ಕೇ ಹೆಚ್ಚುವರಿ ಕಟ್ಟಿದ್ದರೆ 15ರ ಬದಲು ಒಂಬತ್ತು ಹತ್ತು ತಿಂಗಳಿಗೆ ಸಾಲ ಮುಗಿದು ಸುಮಾರು 1,750 ರೂಪಾಯಿ ಬಡ್ಡಿ ಉಳಿಯುತ್ತಿತ್ತು. ಮೈಕ್ರೋಫೈನಾನ್ಸ್ ಸಾಲ ಮುಂಚಿತವಾಗಿ ತೀರಿಸಿದರೆ ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ 2022ರ ನಿಯಮವೂ ಇದೆ. ಆದರೆ ಈ ಮನೆಯಲ್ಲಿ ಎರಡು ಸಾಲ ತೀರಿದಾಗಲೂ ಅದೇ ತಿಂಗಳು ಮುಂದಿನದು ಬಂದಿತ್ತು. ತೀರಿದ ಸಾಲದ ಜಾಗ ಖಾಲಿ ಇರುವುದಿಲ್ಲ. ಮೂರನೆಯದು ಮುಗಿದ ಮರುದಿನ ಏಜೆಂಟ್ ಬಂದು 60,000 ಕೊಡುತ್ತೇನೆ ಎಂದಾಗ, ಕೈಯಲ್ಲಿ ಏನೂ ಇಲ್ಲದ ಹೆಂಗಸು ಬೇಡ ಎನ್ನಲಾರಳು. 1,750 ರೂಪಾಯಿ ಆ ‘ಬೇಡ’ದ ಬೆಲೆ. ದುಬಾರಿ ಎನ್ನುವವರೊಂದಿಗೆ ಜಗಳವಿಲ್ಲ. ಕಂತು ಈಗಾಗಲೇ ತಪ್ಪಿದ ಮನೆಯಾಗಿದ್ದರೆ ನಮ್ಮ ಸಲಹೆಯೂ ಬೇರೆಯಿರುತ್ತಿತ್ತು.

ಎಲ್ಲವೂ ಅಂದುಕೊಂಡಂತೆ ನಡೆಯಲಿಲ್ಲ. ಮಳೆಗಾಲದ ಎರಡು ತಿಂಗಳು ಗೌಂಡಿ ಕೆಲಸ ನಿಂತು ಗಂಡನ 1,500 ಬರಲಿಲ್ಲ. ಒಂದು ಸಲ ಮೂರು ತಿಂಗಳ ಹಣ ಒಟ್ಟಿಗೆ 6,000 ಬಿದ್ದಾಗ ನಾದಿನಿಯ ಮನೆಯಿಂದ ಕೈಗಡ ಕೇಳಿಕೊಂಡು ಬಂದರು. ಅಷ್ಟರಲ್ಲಿ 3,600 ಅಂಚೆಗೆ ಹೋಗಿಯಾಗಿತ್ತು. ಹಣ ಬಿದ್ದ ದಿನವೇ ಪಾಲು ಮಾಡಿ ಎಂದದ್ದು ಇದಕ್ಕೇ.

ಹನ್ನೊಂದನೇ ತಿಂಗಳು ಆಕೆ ನೋಟ್‌ಬುಕ್ ತಂದು ತೋರಿಸಿದರು. ‘ಮಷಿನ್’ ಎಂಬ ಹಾಳೆಯಲ್ಲಿ 10,800 ಸೇರಿತ್ತು, ಕೆಳಗೆ 4,000 ಕಳೆದಿತ್ತು. ಮಗಳ ಬಿ.ಕಾಂ ಪ್ರವೇಶಕ್ಕೆ ಕೊಟ್ಟದ್ದು. ಅದನ್ನು ಖರ್ಚು ಎಂದು ಬರೆದಿರಲಿಲ್ಲ. ಗುಂಡನೆಯ ಅಕ್ಷರದಲ್ಲಿ ಹೀಗಿತ್ತು: “ಮಷಿನ್‌ದಿಂದ ತಗೊಂಡ ಸಾಲ. ವಾಪಸ್ ಕೊಡುವವರು: ಮನೆಯವರು. ತಿಂಗಳಿಗೆ 500.” ಕೆಳಗೆ ಗಂಡನ ಸಹಿ ಹಾಕಿಸಿಕೊಂಡಿದ್ದರು.