ಒಳ್ಳೆಯ ಬ್ಯಾಕ್ಟೀರಿಯಾನಾ ಕೆಟ್ಟದ್ದಾ? ಅಕ್ಕಪಕ್ಕ ಯಾರಿದ್ದಾರೆ ನೋಡಿ

ದೇಹದಲ್ಲಿರುವ ಬೇರೆ ಬೇರೆ ಬ್ಯಾಕ್ಟೀರಿಯಾಗಳಿಗೆ ಒಂದಕ್ಕೊಂದು ಸಂಬಂಧ ಇರುತ್ತದಾ, ಇಲ್ಲ ತಮ್ಮ ಪಾಡಿಗೆ ತಾವಿರುತ್ತವಾ ಅಂತ ಕೇಳಿದ್ದೀರಿ. ತಮ್ಮ ಪಾಡಿಗೆ ಇರುವುದು ತುಂಬಾ ಕಮ್ಮಿ. ಕರುಳಿನ ವಿಷಯ ಎಲ್ಲರೂ ಬರೆಯುತ್ತಾರೆ, ನಾನು ಬಾಯಿಯ ವಿಷಯ ಹೇಳುತ್ತೇನೆ.

ನಾನು ಮೈಕ್ರೋಬಯಾಲಜಿ ಪಾಠ ಮಾಡುವವಳು. ಮೊದಲ ಪ್ರಾಕ್ಟಿಕಲ್ ದಿನ ಹಲ್ಲುಜ್ಜದೆ ಬನ್ನಿ ಅಂತ ಮಕ್ಕಳಿಗೆ ಹೇಳಿರುತ್ತೇನೆ. ಹಲ್ಲಿನ ಸಂದಿಯ ಪಾಚಿಯನ್ನು ಕಡ್ಡಿಯಿಂದ ಕೆರೆದು, ಸ್ಲೈಡಿಗೆ ಸವರಿ, ನೇರಳೆ ಬಣ್ಣ ಹಾಕಿ, ಸಾವಿರ ಪಟ್ಟು ದೊಡ್ಡದು ಮಾಡಿ ನೋಡುತ್ತೇವೆ. ಅದೃಷ್ಟವಿದ್ದರೆ ಉದ್ದನೆಯ ಎಳೆಯೊಂದರ ಸುತ್ತ ದುಂಡು ಕಾಳುಗಳು ಅಂಟಿಕೊಂಡಿರುವುದು ಕಾಣುತ್ತದೆ, ಥೇಟ್ ಮುಸುಕಿನ ಜೋಳದ ತೆನೆ! ವಿಜ್ಞಾನಿಗಳೂ ಅದನ್ನು ಜೋಳದ ತೆನೆ ಅಂತಲೇ ಕರೆಯುತ್ತಾರೆ. ಎಳೆಯದು ಒಂದು ಜಾತಿ, ಕಾಳಿನದು ಇನ್ನೊಂದು. ಹೊರಗಿನ ಕಾಳುಗಳು, ಅಂದರೆ ಸ್ಟ್ರೆಪ್ಟೊಕಾಕಸ್‌ಗಳು, ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಹಾಗಾಗಿ ಆಮ್ಲಜನಕ ಆಗಿಬರದ ಜಾತಿಗಳಿಗೂ ಪಾಚಿಯ ಒಳಗೆ ಜಾಗ ಸಿಗುತ್ತದೆ.

ಊಟದಲ್ಲೂ ಹೀಗೇ. ಸ್ಟ್ರೆಪ್ಟೊಕಾಕಸ್ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ. ಪಕ್ಕದ ವೀಲೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾಗೆ ಸಕ್ಕರೆ ತಿನ್ನಲು ಬರುವುದಿಲ್ಲ, ಈ ಆಮ್ಲವೇ ಅದರ ಊಟ. ಅದನ್ನು ತಿಂದು ಅಷ್ಟು ಹುಳಿಯಿಲ್ಲದ ಆಮ್ಲಗಳನ್ನು ಬಿಡುತ್ತದೆ.

ಜಗಳವೂ ಜೋರಾಗಿದೆ. ಸ್ಟ್ರೆಪ್ಟೊಕಾಕಸ್ ಸ್ಯಾಂಗ್ವಿನಿಸ್ ಹೈಡ್ರೋಜನ್ ಪೆರಾಕ್ಸೈಡ್ ತಯಾರಿಸುತ್ತದೆ, ಮೆಡಿಕಲ್ ಶಾಪಿನಲ್ಲಿ ಗಾಯ ತೊಳೆಯಲು ಕೊಡುತ್ತಾರಲ್ಲ, ಅದೇ. ಹಲ್ಲು ಹುಳುಕಾಗಲು ಮುಖ್ಯ ಕಾರಣವಾದ ಸ್ಟ್ರೆಪ್ಟೊಕಾಕಸ್ ಮ್ಯೂಟಾನ್ಸ್ ಇದರ ಎದುರು ಬೆಳೆಯಲು ಒದ್ದಾಡುತ್ತದೆ. ಅದೂ ಸುಮ್ನೆ ಕೂರುವುದಿಲ್ಲ, ತನ್ನದೇ ವಿಷ ಬಿಡುತ್ತದೆ. ಆರೋಗ್ಯವಾಗಿರುವ ಎಷ್ಟೋ ಬಾಯಿಗಳಲ್ಲೂ ಮ್ಯೂಟಾನ್ಸ್ ಸ್ವಲ್ಪ ಇದ್ದೇ ಇರುತ್ತದೆ. ನೆರೆಯವರು ಅದನ್ನು ತಲೆ ಎತ್ತಲು ಬಿಟ್ಟಿರುವುದಿಲ್ಲ, ಅಷ್ಟೇ. ಅದಕ್ಕೇ ಒಂದು ಬ್ಯಾಕ್ಟೀರಿಯಾದ ಹೆಸರು ಹೇಳಿ ಒಳ್ಳೆಯದಾ ಕೆಟ್ಟದ್ದಾ ಅಂತ ಯಾರಾದರೂ ಕೇಳಿದರೆ ನನಗೆ ಉತ್ತರ ಕೊಡುವುದು ಕಷ್ಟ.

ಈ ಜಗಳದಲ್ಲಿ ಗೆಲ್ಲುವವರು ಯಾರು ಅನ್ನುವುದು ನಮ್ಮ ಕೈಯಲ್ಲೂ ಇದೆ. ಗಂಟೆಗೊಮ್ಮೆ ಸಕ್ಕರೆ ಹಾಕಿದ ಕಾಫಿ ಕುಡಿದರೆ ಪಾಚಿಯ ಪಿಎಚ್ (ಹುಳಿಯ ಅಳತೆ, ಕಮ್ಮಿಯಾದಷ್ಟೂ ಹುಳಿ ಜಾಸ್ತಿ) ಮತ್ತೆ ಮತ್ತೆ 5.5ಕ್ಕಿಂತ ಕೆಳಗಿಳಿಯುತ್ತದೆ. ಆ ಹುಳಿಯನ್ನು ತಡೆದುಕೊಳ್ಳಲು ಸ್ಯಾಂಗ್ವಿನಿಸ್‌ಗೆ ಆಗುವುದಿಲ್ಲ, ಮ್ಯೂಟಾನ್ಸ್‌ಗೆ ಆಗುತ್ತದೆ. ಹಲ್ಲಿನ ಎನಾಮಲ್ ಕರಗುವುದೂ ಆಗಲೇ. ಜೊಲ್ಲು ಈ ಹುಳಿಯನ್ನು ಇಳಿಸಲು ಸುಮಾರು ಅರ್ಧದಿಂದ ಒಂದು ಗಂಟೆ ಬೇಕು. ಸಿಹಿ ಬೇಕೇ ಬೇಕು ಅನ್ನಿಸಿದರೆ ಊಟದ ಜೊತೆಗೇ ತಿಂದುಬಿಡಿ, ಆಮೇಲೆ ಬಾಯಿಗೆ ಬಿಡುವು ಕೊಡಿ.