ರಾಜಕಾಲುವೆಗೆ ಕಾಂಕ್ರೀಟ್ ಬಿಟ್ಟು ಬೇರೆ ದಾರಿ ಇದೆಯಾ?

"ಕಾಂಕ್ರೀಟ್ ಹಾಕದೆ ಪ್ರವಾಹ ತಡೆಯೋಕಾಗುತ್ತಾ, ಮಿಂಚುಳ್ಳಿಗಳು ಹೋಗಿಬಿಡುತ್ತವಾ" ಅಂತ ಕೇಳಿದ್ದೀರಿ. ಆಗುತ್ತೆ ಸಾರ್, ಆದರೆ ಜಾಗ ಬೇಕು.

ಸಿಂಗಪುರದ ಬಿಶಾನ್ ಪಾರ್ಕ್ ನೋಡಿ. ಅಲ್ಲಿ ಕಲ್ಲಾಂಗ್ ನದಿ 2.7 ಕಿ.ಮೀ. ಉದ್ದದ ನೇರ ಕಾಂಕ್ರೀಟ್ ಕಾಲುವೆಯಾಗಿತ್ತು. ಅದನ್ನು ಒಡೆದು, ಸುಮಾರು 3 ಕಿ.ಮೀ. ಅಂಕುಡೊಂಕಾದ ನದಿ ಮಾಡಿ 2012ರಲ್ಲಿ ಮುಗಿಸಿದರು. ಜೋರು ಮಳೆ ಬಂದಾಗ ನೀರು ಪಕ್ಕದ ಹುಲ್ಲಿನ ಮೇಲೆ ಹರಡುತ್ತದೆ, ಆಮೇಲೆ ಇಳಿಯುತ್ತದೆ. ಈಗ ಅಲ್ಲಿ ನೀರುನಾಯಿಗಳೂ ಓಡಾಡುತ್ತವೆ!

ನಿಮ್ಮ ಕಾಲುವೆಯ ಎರಡೂ ಕಡೆ ಮನೆಗಳಿದ್ದರೆ ಅಷ್ಟೆಲ್ಲ ಆಗಲ್ಲ. ಆದರೂ ತಳಕ್ಕೂ ದಡಕ್ಕೂ ಕಾಂಕ್ರೀಟ್ ಬೇಡ ಅಂತ ಕೇಳಿ. ಮಿಂಚುಳ್ಳಿ ಗೂಡು ಮಾಡೋದು ಮಣ್ಣಿನ ದಡದಲ್ಲಿ ಬಿಲ ಕೊರೆದು. ದಡವೆಲ್ಲ ಗೋಡೆಯಾದರೆ ಅದು ಎಲ್ಲಿಗೆ ಹೋಗಬೇಕು? ದಡ ಕುಸಿಯುವ ಕಡೆ ಗಾರೆ ಇಲ್ಲದೆ ಕಲ್ಲು ಜೋಡಿಸಿ, ಸಂದಿಯಲ್ಲಿ ಲಾವಂಚ ನೆಡಬಹುದು. ಹೂಳನ್ನು ಮಳೆಗಾಲಕ್ಕೆ ಮೊದಲೇ ಎತ್ತಲಿ, ಒಂದು ವರ್ಷಕ್ಕೆ ಒಂದೇ ದಡದ ಕಡೆಯದು. ಎರಡೂ ಕಡೆ ಜೊಂಡು ಪೂರ್ತಿ ಕಿತ್ತರೆ ನೀರಿನಂಚಿನ ಹಕ್ಕಿ ಹುಂಡುಕೋಳಿಗೆ ಮರೆಯೇ ಇರಲ್ಲ.

ಇದಕ್ಕೆಲ್ಲ ಮೊದಲು, ಕಾಲುವೆಗೆ ಒಳಚರಂಡಿ ನೀರು ಸೇರ್ತಿದೆಯಾ ನೋಡಿ. ಸೇರ್ತಿದ್ದರೆ ಅದನ್ನು ನಿಲ್ಲಿಸದೆ ಹುಲ್ಲು ನೆಟ್ಟರೆ ಸುಮ್ನೆ ದುಡ್ಡು ದಂಡ. ಕಾಲುವೆಯ ಅಗಲ ಎಷ್ಟಿದೆ, ತಿಳಿಸ್ತೀರಾ?